ಕಲ್ಲುಪುಡಿ ಬೆರೆಸಿದ ಕವರಿನಲ್ಲೇ ಕರ್ಪೂರ ಜಾಸ್ತಿ ಸವೆಯಿತು, ಯಾಕೆ?

ಗ್ರಂಧಿಗೆ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹಳೇ ಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ. ಅಪ್ಪನ ಕಾಲದ್ದು. ಅರಿಶಿನ, ಕುಂಕುಮ, ಊದುಬತ್ತಿ, ಲೋಬಾನ, ಹತ್ತಿ ಬತ್ತಿ, ಕರ್ಪೂರ, ಇಷ್ಟೇ ವ್ಯಾಪಾರ. ಕರ್ಪೂರದ ಬಿಲ್ಲೆಯನ್ನು ಕೆಜಿ ಲೆಕ್ಕದಲ್ಲಿ ತರಿಸಿ, 50 ಗ್ರಾಂ ಪೊಟ್ಟಣ ಮಾಡಿ, ಬಾಯಿಗೆ ಸೀಲು ಒತ್ತಿ ಮಾರುತ್ತೇವೆ. ನನ್ನ ತಕರಾರು ಆ ಪೊಟ್ಟಣದ ಕವರಿನದ್ದು.

ಸಂಕ್ರಾಂತಿ ಕಳೆದ ಮೇಲೆ ಕವರ್ ಮಾರುವವರೊಬ್ಬರು ಬಂದರು. "ಅಣ್ಣಾ, ಇದು ಮಿನರಲ್ ಕವರ್. ಪ್ಲಾಸ್ಟಿಕ್ ಒಳಗೆ ಕಲ್ಲಿನ ಪುಡಿ ತುಂಬಿದೆ. ವಾಸನೆ ಕಲ್ಲು ತೂರಿಕೊಂಡು ಹೋಗುತ್ತಾ, ನೀವೇ ಹೇಳಿ" ಅಂದರು. ಅಲ್ಲೇ ನಾಲ್ಕು ಬಿಲ್ಲೆ ಹಾಕಿ, ಸೀಲು ಮಾಡಿ, ನನ್ನ ಮೂಗಿನ ಹತ್ತಿರ ಹಿಡಿದರು. ಏನೂ ವಾಸನೆ ಬರಲಿಲ್ಲ. ಹಾಲಿನ ಬಣ್ಣದ ಕವರು, ಕೈಗೆ ಕೊಂಚ ಗಡುಸು. ಕೆಜಿಗೆ ಮಾಮೂಲಿ ಕವರಿಗಿಂತ ರೇಟೂ ಕಡಿಮೆ. 20 ಕೆಜಿ ತಗೊಂಡೆ.

ನಾಯಕನಹಟ್ಟಿ ಜಾತ್ರೆಗೆ ಅಂತ ಅದರಲ್ಲೇ ತುಂಬಿಸಿದೆವು. ಜಾತ್ರೆ ಮುಗಿದು ಉಳಿದ ಮಾಲು ವಾಪಸ್ ಬಂತು, ಅಂಗಡಿಯಲ್ಲಿ ಇಟ್ಟು ಮಾರಿದೆವು. ಯುಗಾದಿ ಹಿಂದಿನ ದಿನ ಹಳೇ ಗಿರಾಕಿಯೊಬ್ಬರು ಪೊಟ್ಟಣ ಹಿಡಿದುಕೊಂಡು ಬಂದರು. ಮನೆಯಲ್ಲಿ ತೂಗಿದ್ದಾರೆ. 46 ಗ್ರಾಂ. "ನಿಮ್ಮ ತಂದೆ ಇದ್ದಾಗ ಹೀಗಿರಲಿಲ್ಲ" ಅಂದರು. ಅಂಗಡಿ ತುಂಬಾ ಜನ. ನಾನು ಏನು ಹೇಳಲಿ? ಬೇರೆ ಪೊಟ್ಟಣ ಕೊಟ್ಟು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಪಕ್ಕದ ಬಂಗಾರದ ಅಂಗಡಿಯ ತಕ್ಕಡಿ ಕೇಳಿಕೊಂಡು, ಮೂರು ತರದ ಕವರಿನಲ್ಲಿ ಸರಿಯಾಗಿ 50 ಗ್ರಾಂ ಹಾಕಿ ಸೀಲು ಮಾಡಿದೆ. ಮೂರರ ಅಳತೆಯೂ ಒಂದೇ. ನೀರಿನ ಬಕೆಟ್ಟಿನಲ್ಲಿ ಅದುಮಿ ನೋಡಿದೆ, ಒಂದರಿಂದಲೂ ಗುಳ್ಳೆ ಬರಲಿಲ್ಲ. ಅಂದರೆ ತೂತಿಲ್ಲ. ಒರೆಸಿ ಒಣಗಿಸಿ ಅಟ್ಟದ ಮೇಲೆ ಇಟ್ಟೆ. ಮೇಲೆ ತಗಡಿನ ಮಾಡು, ಏಪ್ರಿಲ್ ಬಿಸಿಲು, ಗೊತ್ತಲ್ಲ. 15 ದಿನ ಬಿಟ್ಟು ತೂಗಿದರೆ:

ಮಾಮೂಲಿ ಎಲ್‌ಡಿ (ಮೆತ್ತನೆ ಪಾಲಿಥೀನ್) ಕವರಿನ ಕರ್ಪೂರ 47.9 ಗ್ರಾಂ.
ಕಲ್ಲಿನ ಕವರಿನದ್ದು 46.8 ಗ್ರಾಂ.
ಕಾಫಿಪುಡಿ ಬರುತ್ತಲ್ಲ, ಒಳಗೆ ಬೆಳ್ಳಿ ಬಣ್ಣ, ಆ ತರದ ಕವರಿನದ್ದು 49.9 ಗ್ರಾಂ.

ತೂತೇ ಇಲ್ಲದ ಕವರಿನಿಂದ ಕರ್ಪೂರ ಹೊರಗೆ ಹೋಗುವುದು ಹೇಗೆ? ಹೋಗಲಿ, ಕಲ್ಲು ಅಡ್ಡ ಇದ್ದರೆ ಕಡಿಮೆ ಹೋಗಬೇಕಲ್ವಾ, ಜಾಸ್ತಿ ಹೋಗಿದ್ದು ಯಾಕೆ? ನನಗೆ ಮೋಸ ಆಗಿದೆಯಾ ಇಲ್ವಾ? ತಿಳಿದವರು ಹೇಳಿ. ಇನ್ನೂ 14 ಕೆಜಿ ಕವರು ಹಾಗೇ ಬಿದ್ದಿದೆ.

ದಾಣಾ ಮಷಿನ್, ಹರಿಹರ

ಅಣ್ಣಾ, ನಾನು ಕವರ್ ಊದುವ ಮಷಿನ್ ಮೇಲೆ 19 ವರ್ಷದಿಂದ ಇದ್ದೇನೆ. ಮಷಿನ್ ಕಡೆಯ ಮಾತು ಅಷ್ಟೇ ಹೇಳುತ್ತೇನೆ, ಸೈನ್ಸ್ ಬೇರೆಯವರು ಹೇಳಲಿ.

ನಿಮ್ಮ ಕಲ್ಲು ಅಂದರೆ ಕ್ಯಾಲ್ಸಿಯಂ ಫಿಲ್ಲರ್. ಸುಣ್ಣದ ಕಲ್ಲನ್ನು ನುಣ್ಣಗೆ ಅರೆದು, ಪ್ಲಾಸ್ಟಿಕ್ ಜೊತೆ ಕಾಯಿಸಿ ದಾಣಾ, ಅಂದರೆ ಸಣ್ಣ ಕಾಳು, ಮಾಡಿರುತ್ತಾರೆ. ನಾವು ಹಾಪರಿಗೆ ಎಲ್‌ಡಿ ದಾಣಾ ಜೊತೆ ಅದನ್ನೂ ಸುರಿಯುತ್ತೇವೆ. ಹಾಕುವುದು ಯಾಕೆ ಅಂದರೆ ಅದು ಅಗ್ಗ. ಕವರಿಗೆ ಗಡುಸು ಬರುತ್ತದೆ, ಬಿಳುಪು ಬರುತ್ತದೆ, ಪ್ರಿಂಟು ಚೆನ್ನಾಗಿ ಕೂರುತ್ತದೆ. ಅದರಲ್ಲಿ ತಪ್ಪೇನಿಲ್ಲ. ವಾಸನೆ ತಡೆಯುತ್ತದೆ ಅಂತ ಫಿಲ್ಲರ್ ಹಾಕಿದವರನ್ನು ಮಾತ್ರ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ಮನೆಯಲ್ಲೇ ನೋಡಬಹುದು. ಕವರಿನ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಮೈಗೆ ಅಂಟಿದ ಗಾಳಿ ಗುಳ್ಳೆಯನ್ನು ಬೆರಳಿನಿಂದ ಒರೆಸಿ ಮುಳುಗಿಸಿ ಬಿಡಿ. ಬರೀ ಎಲ್‌ಡಿ ಆದರೆ ತೇಲಿ ಬರುತ್ತದೆ. ಫಿಲ್ಲರ್ ಜಾಸ್ತಿ ಇದ್ದರೆ ತಳ ಹಿಡಿಯುತ್ತದೆ. ಇನ್ನೊಂದು ಚೂರನ್ನು ತಟ್ಟೆ ಮೇಲೆ ಸುಟ್ಟು ಬೂದಿ ಮೇಲೆ ನಿಂಬೆ ಹಣ್ಣು ಹಿಂಡಿ. ನೊರೆ ಬಂದರೆ ಸುಣ್ಣದ ಕಲ್ಲೇ. ಹೊಗೆ ಕುಡಿಯಬೇಡಿ, ಹೊರಗೆ ಮಾಡಿ.

ಮುಖ್ಯ ಪ್ರಶ್ನೆ ಒಂದಿದೆ. ಕವರು ಕೆಜಿ ಲೆಕ್ಕದಲ್ಲಿ ತಗೊಂಡಿರಿ, ಗೇಜು, ಅಂದರೆ ಹಾಳೆಯ ದಪ್ಪ, ಅಳೆದಿರಾ? ಕಲ್ಲು ತೂಕದ್ದು. ಕೆಜಿಗೆ ಅಷ್ಟೇ ಕವರು ಬರಬೇಕು ಅಂದರೆ ಹಾಳೆ ತೆಳ್ಳಗೆ ಊದಲೇಬೇಕು. ಮಾಮೂಲಿಯದು 200 ಗೇಜು ಇದ್ದರೆ ಇದು ಅದಕ್ಕಿಂತ ಕಡಿಮೆ ಇರುತ್ತದೆ, ನೋಡಿ.

ಮತ್ತೆ, ಫಿಲ್ಲರ್ ಚೀಲ ಮಳೆಗಾಲದಲ್ಲಿ ತೇವ ಹಿಡಿದಿದ್ದರೆ ಊದುವಾಗ ನೀರು ಆವಿಯಾಗಿ ಹಾಳೆಯೊಳಗೆ ಸಣ್ಣ ಸಣ್ಣ ಗುಳ್ಳೆ ಕೂರುತ್ತದೆ. ಬೆಳಕಿಗೆ ಹಿಡಿದರೆ ಅಕ್ಕಿ ನುಚ್ಚಿನ ಹಾಗೆ ಕಾಣುತ್ತದೆ. ಅದು ತೂತಲ್ಲ, ನಿಮ್ಮ ಬಕೆಟ್ಟಿನಲ್ಲಿ ಸಿಕ್ಕಿ ಬೀಳಲ್ಲ.

ಸುಮ್ನೆ ಓದುವವನು

ಇಷ್ಟೆಲ್ಲ ಯಾಕೆ ಸರ್, ಪೊಟ್ಟಣದೊಳಗೆ ನಾಲ್ಕು ಕಾಳು ಮೆಣಸು ಹಾಕಿ. ಕರ್ಪೂರ ಹಾರಲ್ಲ. ನಮ್ಮ ಅಜ್ಜಿ ಹಾಗೇ ಇಡುತ್ತಿದ್ದರು.

ಗ್ರಂಧಿಗೆ ಅಂಗಡಿ, ದಾವಣಗೆರೆ

ನಮ್ಮ ಅಮ್ಮನೂ ಅದನ್ನೇ ಹೇಳುತ್ತಿದ್ದಾರೆ. ಮುಂದಿನ ಸಲ ಅದನ್ನೂ ತೂಗುತ್ತೇನೆ. ದಾಣಾ ಅಣ್ಣಾ, ಗೇಜು ಅಳೆದಿರಲಿಲ್ಲ. ನೀರಿನ ಪರೀಕ್ಷೆ ಮಾಡಿ ಹೇಳುತ್ತೇನೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಅಂಗಡಿಯವರೇ, ನಿಮ್ಮ ಅಟ್ಟದ ಪರೀಕ್ಷೆ ಓದಿ ಖುಷಿಯಾಯಿತು. ನಾನು ದುರ್ಗದಲ್ಲಿ ಡಿಗ್ರಿ ಹುಡುಗರಿಗೆ ಕೆಮಿಸ್ಟ್ರಿ ಹೇಳುವವನು. ಅದಕ್ಕೂ ಮುಂಚೆ ಆರು ವರ್ಷ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಜೇಡಿಮಣ್ಣು ಬೆರೆಸಿ ಹಾಳೆ ಮಾಡುವುದು, ಒಂದು ಕಡೆಯಿಂದ ಟಾಲೀನ್ ಆವಿ ಬಿಡುವುದು, ಇನ್ನೊಂದು ಕಡೆ ಎಷ್ಟು ಹೊತ್ತಿಗೆ ಎಷ್ಟು ಬಂತು ಅಂತ ಬರೆದುಕೊಳ್ಳುವುದು. ಟಾಲೀನ್ ಅಂದರೆ ಪೇಂಟ್ ಅಂಗಡಿಯ ತಿನ್ನರ್ ವಾಸನೆ. ಆ ಆರು ವರ್ಷ ನಾನು ಕುಡಿದ ಚಹಾಕ್ಕೆಲ್ಲ ಅದೇ ರುಚಿ.

ಮೊದಲು ತೂತಿನ ಮಾತು ಬಿಡೋಣ. ಕರ್ಪೂರ ತೂತಿನಿಂದ ಹೋಗಿಲ್ಲ, ಪ್ಲಾಸ್ಟಿಕ್ಕಿನ ಮೈಯೊಳಗಿಂದಲೇ ಹೋಗಿದೆ. ಹುಳಿಯ ಪ್ಲಾಸ್ಟಿಕ್ ಡಬ್ಬಕ್ಕೆ ಅರಿಶಿನದ ಹಳದಿ ಹಿಡಿದರೆ ಎಷ್ಟು ತೊಳೆದರೂ ಹೋಗಲ್ಲ ಅಲ್ವಾ? ಅದು ಮೇಲೆ ಅಂಟಿಲ್ಲ, ಒಳಗೆ ಇಳಿದಿದೆ. ಕರ್ಪೂರವೂ ಹಾಗೆ. ಅದು ಎಣ್ಣೆ ಜಿಡ್ಡಿನ ಜಾತಿ, ಪಾಲಿಥೀನೂ ಅದೇ ಜಾತಿ. ಒಂದರಲ್ಲಿ ಒಂದು ಕರಗುತ್ತದೆ. ಕರಗಿ ಒಳಗೆ ಬಂದ ಅಣು ಹೇಗೆ ಮುಂದೆ ಹೋಗುತ್ತದೆ ಅಂದರೆ, ನಾಯಕನಹಟ್ಟಿ ತೇರಿನ ದಿನ ನೀವು ಹೇಗೆ ಮುಂದೆ ಹೋಗುತ್ತೀರೋ ಹಾಗೆ. ಯಾರೂ ದಾರಿ ಬಿಟ್ಟಿರಲ್ಲ. ಆದರೆ ಪಕ್ಕದವರು ಒಂಚೂರು ಹೊರಳಿದರೆ ಒಂದು ಹೆಜ್ಜೆ ಜಾಗ ಸಿಗುತ್ತದೆ, ನುಗ್ಗುತ್ತೀರಿ. ಮತ್ತೆ ಮುಚ್ಚಿಕೊಳ್ಳುತ್ತದೆ. ಪಾಲಿಥೀನಿನ ಉದ್ದುದ್ದ ಎಳೆಗಳು ನಮ್ಮ ಊರಿನ ಬಿಸಿಗೆ ಸದಾ ಮಿಸುಕಾಡುತ್ತಲೇ ಇರುತ್ತವೆ. ತಗಡಿನ ಕೆಳಗೆ ಇನ್ನೂ ಜಾಸ್ತಿ.

ಹಾಗಾಗಿ ಸೋರಿಕೆಯ ಲೆಕ್ಕದಲ್ಲಿ ಎರಡು ವಿಷಯ ಇವೆ. ಎಷ್ಟು ಅಣು ಒಳಗೆ ಕರಗುತ್ತದೆ, ಕರಗಿದ್ದು ಎಷ್ಟು ಬೇಗ ನಡೆಯುತ್ತದೆ. ಎರಡನ್ನೂ ಗುಣಿಸಬೇಕು. ರಬ್ಬರಿನ ಮೂಲಕ ಗಾಳಿ ಹೀಗೆ ಕರಗಿ ದಾಟುತ್ತದೆ ಅಂತ ಥಾಮಸ್ ಗ್ರಹಾಂ 1866ರಲ್ಲೇ ಬರೆದಿದ್ದಾರೆ.

ಈಗ ಕಲ್ಲು. ಕಲ್ಲಿನೊಳಗೆ ಕರ್ಪೂರ ಕರಗಲ್ಲ, ನಿಮ್ಮ ಕವರ್ ಮಾರಿದವರು ಹೇಳಿದ್ದು ನಿಜ. ಆದರೆ ಅವರು ಅರ್ಧ ಲೆಕ್ಕ ಹೇಳಿದರು. ಉಳಿದ ಅರ್ಧ ನಾವು ಹಾಕೋಣ. 100 ಗ್ರಾಂ ಕವರಿನಲ್ಲಿ 20 ಗ್ರಾಂ ಸುಣ್ಣದ ಕಲ್ಲು ಇದೆ ಅಂದುಕೊಳ್ಳಿ. ಕಲ್ಲಿನ ಸಾಂದ್ರತೆ 2.7, ಎಲ್‌ಡಿಯದು 0.92. ಹಾಗಾಗಿ ತೂಕದಲ್ಲಿ 20 ಇದ್ದ ಕಲ್ಲು ಜಾಗದ ಲೆಕ್ಕದಲ್ಲಿ ನೂರಕ್ಕೆ 8 ಕೂಡ ಇಲ್ಲ. ಅಣುವಿಗೆ ಅಡ್ಡ ಬರುವುದು ಜಾಗ, ತೂಕ ಅಲ್ಲ. ಉಂಡೆ ಕಾಳುಗಳು ಹೀಗೆ ಅಲ್ಲಲ್ಲಿ ಕೂತರೆ ಹರಿವು ಎಷ್ಟು ಕಡಿಮೆ ಆಗುತ್ತದೆ ಅಂತ ತೆಗೆಯಲು ಮ್ಯಾಕ್ಸ್‌ವೆಲ್ ಅವರ 1873ರ ಸೂತ್ರ ಇದೆ. ಅವರು ಅದನ್ನು ವಿದ್ಯುತ್ತಿಗೆ ಬರೆದದ್ದು, ಆವಿಗೂ ಅದೇ ನಡೆಯುತ್ತದೆ. ಲೆಕ್ಕ ಹಾಕಿದರೆ ಸೋರಿಕೆ ಕಡಿಮೆ ಆಗುವುದು ನೂರಕ್ಕೆ 11. ಅಷ್ಟೇ. ಉಂಡೆ ಕಲ್ಲನ್ನು ಸುತ್ತಿ ಹೋಗಲು ಅಣುವಿಗೆ ಅರ್ಧ ಹೆಜ್ಜೆ ಜಾಸ್ತಿ ಆಗಬಹುದು. ತೇರಿನ ಬೀದಿಯಲ್ಲಿ ನಾಲ್ಕು ಕಂಬ ನೆಟ್ಟ ಹಾಗೆ.

ಇದಕ್ಕೆ ಹರಿಹರದ ಅಣ್ಣ ಹೇಳಿದ ಗೇಜಿನ ಮಾತು ಸೇರಿಸಿ. 20 ಗ್ರಾಂ ಕಲ್ಲು ಬೆರೆತ ಹಾಳೆಯ ಸಾಂದ್ರತೆ ಸುಮಾರು 1.06. ಅಷ್ಟೇ ತೂಕದಲ್ಲಿ ಅಷ್ಟೇ ಕವರು ಬೇಕೆಂದರೆ ದಪ್ಪ ನೂರಕ್ಕೆ 13 ಇಳಿಯಬೇಕು. ದಪ್ಪ ಇಳಿದಷ್ಟು ಸೋರಿಕೆ ಏರುತ್ತದೆ. ಕಲ್ಲಿನಿಂದ ಬಂದ 11 ಇಲ್ಲೇ ಹೋಯಿತು. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ಬರೀ ಎಲ್‌ಡಿಗಿಂತ ನೂರಕ್ಕೆ 2 ಜಾಸ್ತಿಯೇ ಬಂತು. ಕೆಜಿ ಲೆಕ್ಕದಲ್ಲಿ ಕೊಂಡ ದಿನವೇ ಕಲ್ಲಿನ ಲಾಭ ತೀರಿದೆ.

ಆದರೆ ನಿಮ್ಮಲ್ಲಿ 2.1 ಗ್ರಾಂ ಹೋಗುವ ಕಡೆ 3.2 ಗ್ರಾಂ ಹೋಗಿದೆ. ಒಂದೂವರೆ ಪಟ್ಟು. ಇದು ಬರೀ ಗೇಜಿನಿಂದ ಆಗುವುದಲ್ಲ. ಇಲ್ಲಿ ನಮ್ಮ ಊರಿನ ಕೋಟೆ ಹತ್ತಬೇಕು.

ಏಳು ಸುತ್ತಿನ ಕೋಟೆಯ ಬಾಗಿಲು ನೋಡಿದ್ದೀರಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ. ಎಡಕ್ಕೆ ತಿರುಗಬೇಕು, ಮತ್ತೆ ಬಲಕ್ಕೆ. ನೇರ ಓಡುವ ಹಾಗೇ ಇಲ್ಲ, ಆನೆ ಓಡಿಬಂದು ಗುದ್ದಲು ಜಾಗವೇ ಸಿಗಲ್ಲ. ಆವಿ ತಡೆಯುವ ಕಲ್ಲು ಆ ಗೋಡೆಯ ಹಾಗಿರಬೇಕು. ಅಗಲವಾಗಿ, ತೆಳ್ಳಗೆ, ಹಾಳೆಗೆ ಸಮನಾಗಿ ಮಲಗಿರಬೇಕು. ಬಳಪದ ಕಲ್ಲು ಹಾಗಿದೆ. ಕಾಗೆಬಂಗಾರ ಹಾಗಿದೆ, ಉಗುರಿನಲ್ಲಿ ಎಬ್ಬಿಸಿದರೆ ಪದರ ಪದರ ಬರುತ್ತದಲ್ಲ. ಎಲ್ಲಕ್ಕಿಂತ ತೆಳ್ಳಗಿನದು ಬೆಂಟೋನೈಟ್ ಜೇಡಿಮಣ್ಣಿನ ಪದರ. ಒಂದೊಂದರ ದಪ್ಪ 1 ನ್ಯಾನೋಮೀಟರ್, ಅಗಲ ಅದರ ನೂರಾರು ಪಟ್ಟು. ನೀಲ್ಸನ್ ಎಂಬವರು 1967ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ದಪ್ಪದ 100 ಪಟ್ಟು ಅಗಲ ಇರುವ ಪದರಗಳು ಜಾಗದಲ್ಲಿ ನೂರಕ್ಕೆ ಬರೀ 5 ಇದ್ದರೂ ಸಾಕು, ಸೋರಿಕೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ 5 ಭಾಗವನ್ನು ಉಂಡೆಯಾಗಿ ಹಾಕಿ, ನೂರಿದ್ದ ಸೋರಿಕೆ 93ಕ್ಕೆ ಇಳಿಯುವುದೇ ಹೆಚ್ಚು. ಕಲ್ಲು ಅಷ್ಟೇ, ಆಕಾರ ಬೇರೆ.

ಕಾಗದದ ಮೇಲೆ ಹೇಳುವುದು ಸುಲಭ. ನಾನು ಮೊದಲ ವರ್ಷ ಮಾಡಿದ ಹಾಳೆಯ ಕತೆ ಕೇಳಿ. ಕರಗಿಸಿದ ಪ್ಲಾಸ್ಟಿಕ್ಕಿಗೆ ಜೇಡಿಮಣ್ಣು ಕಲಸಿ ಗಾಜಿನ ಮೇಲೆ ಹರಡಿ ಒಣಗಿಸಿದೆ. ಬೆಳಿಗ್ಗೆ ಎಬ್ಬಿಸಿದರೆ ಮೇಲಿನ ಮೈ ಕನ್ನಡಿ, ಕೆಳಗಿನ ಮೈ ಉಪ್ಪು ಕಾಗದ. ಮಣ್ಣೆಲ್ಲ ತಳಕ್ಕೆ ಇಳಿದು ಕೂತಿದೆ, ಅದೂ ಉಪ್ಪಿಟ್ಟಿನಲ್ಲಿ ರವೆ ಗಂಟು ಕಟ್ಟಿದ ಹಾಗೆ. ಅಳೆದರೆ ಮಣ್ಣೇ ಇಲ್ಲದ ಹಾಳೆಗಿಂತ ಜಾಸ್ತಿ ಟಾಲೀನ್ ಬಿಟ್ಟಿತು. ನಮ್ಮ ಗೈಡು ಸುಮ್ಮನೆ ನೋಡಿ, "ಮಣ್ಣನ್ನು ಪ್ಲಾಸ್ಟಿಕ್ ಒಪ್ಪಿಕೊಂಡಿಲ್ಲ" ಅಂದರು. ನಿಮ್ಮ ಕವರಿನ ರೋಗವೂ ಅದೇ.

ಮಣ್ಣು, ಕಲ್ಲು ನೀರಿನ ಜಾತಿ. ಪಾಲಿಥೀನ್ ಎಣ್ಣೆ ಜಾತಿ. ಒಂದಕ್ಕೊಂದು ಅಂಟಲ್ಲ. ಸುಣ್ಣದ ಕಲ್ಲಿನ ಪುಡಿಗೆ ಸ್ಟಿಯರಿಕ್ ಆಮ್ಲ ಸವರಿರುತ್ತಾರೆ, ಅದರಿಂದ ಚೆನ್ನಾಗಿ ಬೆರೆಯುತ್ತದೆ. ಆದರೆ ಬೆರೆಯುವುದು ಬೇರೆ, ಹಿಡಿದುಕೊಳ್ಳುವುದು ಬೇರೆ. ಹಾಳೆಯನ್ನು ಎಳೆದಾಗ ಕಾಳಿನ ಎರಡೂ ಪಕ್ಕ ಪ್ಲಾಸ್ಟಿಕ್ ಬಿಟ್ಟುಕೊಂಡು ಕಣ್ಣಿನ ಆಕಾರದ ಸಂದು ಆಗುತ್ತದೆ. ಆ ಸಂದಿನಲ್ಲಿ ಅಣು ನಡೆಯುವುದಿಲ್ಲ, ಹಾರುತ್ತದೆ. ನಿಮ್ಮ ಕವರನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ, ಎಳೆದ ಕಡೆ ಇನ್ನಷ್ಟು ಬೆಳ್ಳಗಾಗುತ್ತದೆ. ಆ ಬಿಳುಪೇ ಸಂದು. ತೇವದ ಗುಳ್ಳೆ ಇದ್ದರಂತೂ ಎರಡೂ ಸೇರಿತು.

ಹಾಗಾಗಿ ಏಳು ಸುತ್ತು ಕಟ್ಟಿಯೂ ಒಂದು ಕಿಂಡಿ ಬಿಟ್ಟರೆ ಹೈದರಾಲಿಯ ಸೈನಿಕರು ಅಲ್ಲಿಂದಲೇ ನುಸುಳುತ್ತಾರೆ. ಒನಕೆ ಹಿಡಿದು ಓಬವ್ವ ಅಲ್ಲಿ ನಿಲ್ಲಬೇಕು. ನಮ್ಮ ಕೆಲಸದಲ್ಲಿ ಓಬವ್ವ ಅಂದರೆ ಒಂದು ಕೈ ಕಲ್ಲಿಗೆ, ಇನ್ನೊಂದು ಕೈ ಪ್ಲಾಸ್ಟಿಕ್ಕಿಗೆ ಕೊಡುವ ರಾಸಾಯನಿಕ. ಜೇಡಿಮಣ್ಣಿಗೆ, ಗಾಜಿಗೆ ಸಿಲೇನ್ ಹಾಕುತ್ತಾರೆ. ಪಾಲಿಥೀನಿಗೇ ಮೆಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡುವುದೂ ಉಂಟು, ಮಾವಿಗೆ ಕಸಿ ಕಟ್ಟಿದ ಹಾಗೆ. ಇದಕ್ಕೆಲ್ಲ ದುಡ್ಡು ಬೀಳುತ್ತದೆ. ಅಗ್ಗದ ಕವರಿನಲ್ಲಿ ಓಬವ್ವ ಇರಲ್ಲ.

ಈ ಕಿಂಡಿಯನ್ನೇ ಬೇಕೆಂದು ಮಾಡುವ ಕಡೆಯೂ ಇದೆ. ಮಕ್ಕಳ ಡಯಾಪರಿನ ಹೊರ ಹಾಳೆ. ಅದರಲ್ಲಿ ಅರ್ಧದಷ್ಟು ತೂಕ ಸುಣ್ಣದ ಕಲ್ಲಿನ ಪುಡಿ ಹಾಕಿ, ಆಮೇಲೆ ಎಳೆಯುತ್ತಾರೆ. ಸಂದುಗಳು ಒಂದಕ್ಕೊಂದು ಕೂಡಿಕೊಂಡು ಸಣ್ಣ ದಾರಿ ಆಗುತ್ತದೆ. ಬೆವರಿನ ಆವಿ ಹೊರಗೆ ಹೋಗುತ್ತದೆ, ಒದ್ದೆ ಹೊರಗೆ ಬರಲ್ಲ. ನಿಮ್ಮ ಕವರು ಡಯಾಪರಿನ ಬಡ ಸಂಬಂಧಿ ಅಂದುಕೊಳ್ಳಿ.

ಇನ್ನು ಅವರು ಮಾಡಿ ತೋರಿಸಿದ ಮೂಗಿನ ಪರೀಕ್ಷೆ. ಅದರಲ್ಲಿ ಎರಡು ತಮಾಷೆ ಇದೆ. ಮೊದಲ ಅಣು ಹಾಳೆಯ ಆ ಕಡೆ ತಲುಪಲು ಹೊತ್ತು ಹಿಡಿಯುತ್ತದೆ. ನನ್ನ ಗ್ರಾಫಿನಲ್ಲೂ ಗೆರೆ ಮೊದಲು ನೆಲಕ್ಕೆ ಅಂಟಿಕೊಂಡು ಹೋಗಿ, ಆಮೇಲೆ ಎದ್ದು ನೇರ ಏರುತ್ತಿತ್ತು. ಎದ್ದ ಮೇಲಿನ ಓರೆಯೇ ನಿಜವಾದ ಸೋರಿಕೆ. ಹಾಳೆ ಎರಡು ಪಟ್ಟು ದಪ್ಪ ಮಾಡಿದರೆ ಕಾಯುವ ಹೊತ್ತು ನಾಲ್ಕು ಪಟ್ಟಾಗುತ್ತದೆ, ಸೋರಿಕೆ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಆವಿ ಹೀರುವ ಮಣ್ಣು ಬೆರೆಸಿದ್ದರೆ ಕಾಯುವ ಹೊತ್ತು ಇನ್ನೂ ಉದ್ದ, ಹೊಟ್ಟೆ ತುಂಬಿದ ಮೇಲೆ ಅದೂ ಬಿಡುತ್ತದೆ. ಸೀಲು ಮಾಡಿ ಎರಡು ನಿಮಿಷಕ್ಕೆ ಮೂಸಿದರೆ ಯಾವ ಕವರೂ ಪಾಸ್. ಎರಡನೆಯದು ಏನೆಂದರೆ, ದಿನವಿಡೀ ಕರ್ಪೂರದ ನಡುವೆ ಕೂತ ನಿಮ್ಮ ಮೂಗನ್ನು ಈ ವಿಷಯಕ್ಕೆ ಸಾಕ್ಷಿ ಕರೆಯುವ ಹಾಗಿಲ್ಲ.

ನಿಮ್ಮ ಬೆಳ್ಳಿ ಕವರು ಗೆದ್ದದ್ದು ಅದರಲ್ಲಿ ಅಲ್ಯೂಮಿನಿಯಂ ಪದರ ಇರುವುದರಿಂದ, ಜೊತೆಗೆ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆ ಇರುವುದರಿಂದ. ಪೆಟ್ ಕರ್ಪೂರದ ಜಾತಿಯದಲ್ಲ, ಅದರ ಎಳೆಗಳು ನಮ್ಮ ಬಿಸಿಲಿಗೂ ಬಿಗಿಯಾಗೇ ಇರುತ್ತವೆ. ಒಳ ಮೈಗೆ ಮಾತ್ರ ಸೀಲು ಕೂರಲೆಂದು ಪಾಲಿಥೀನ್ ಇರುತ್ತದೆ. ಕಲ್ಲು ಹುಡುಕುವುದು ಬಿಟ್ಟು ಪ್ಲಾಸ್ಟಿಕ್ಕನ್ನೇ ಬದಲಿಸಿ.

ಮೋಸವಾ ಅಂತ ಕೇಳಿದಿರಿ. ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಊಹೆ. ಕಲ್ಲು ಅಂದರೆ ಗಟ್ಟಿ, ಗಟ್ಟಿ ಅಂದರೆ ತಡೆ, ಹೀಗೆ ಯೋಚಿಸುವವರು ಲ್ಯಾಬಿನಲ್ಲೂ ಇದ್ದರು. ನಾನೂ ಒಬ್ಬ.

ಕ್ರಿಮಿನಾಶಕ ಅಂಗಡಿ, ಜಗಳೂರು

ಮೇಷ್ಟ್ರೇ, ನಮ್ಮಲ್ಲಿ ಬೇರೆ ಕತೆ. ಗೋಡೌನಿನಲ್ಲಿ ಇಟ್ಟ ಔಷಧಿ ಕ್ಯಾನು ಕೆಲವು ಬೇಸಿಗೆ ಕಳೆಯುವುದರೊಳಗೆ ಹೊಟ್ಟೆ ಒಳಗೆ ಎಳೆದುಕೊಂಡಿರುತ್ತವೆ. ಸೀಲು ಒಡೆದಿರಲ್ಲ. ರೈತರು ಡುಪ್ಲಿಕೇಟ್ ಅಂತ ವಾಪಸ್ ಕೊಡುತ್ತಾರೆ. ಇದೂ ಅದೇನಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ

ಅದೇ ಇರಬೇಕು. ಎಣ್ಣೆಯಲ್ಲಿ ಕರಗಿಸಿದ ಔಷಧಿ ಆದರೆ ಒಳಗೆ ಕ್ಸೈಲೀನ್ ತರದ ದ್ರಾವಕ ಇರುತ್ತದೆ. ಅದು ಪಾಲಿಥೀನಿನ ಗೋಡೆ ಹೊಕ್ಕು ಬೇಗ ಹೊರಗೆ ಹೋಗುತ್ತದೆ. ಹೊರಗಿನ ಗಾಳಿ ಅಷ್ಟು ಬೇಗ ಒಳಗೆ ಬರಲಾರದು. ಒಳಗೆ ಖಾಲಿ ಬಿದ್ದಷ್ಟು ಹೊಟ್ಟೆ ಒಳಕ್ಕೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ಕಷ್ಟ ಇದೆ, ಮೇಲೆ ಬರೆಯುವುದು ಬಿಟ್ಟಿದ್ದೆ. ಆಕ್ಸಿಜನ್ ಹಾಳೆ ದಾಟುವಾಗ ಹಾಳೆಯನ್ನು ಹಾಗೇ ಬಿಟ್ಟು ಹೋಗುತ್ತದೆ. ದ್ರಾವಕದ ಆವಿ ಹಾಗಲ್ಲ. ಪ್ಲಾಸ್ಟಿಕ್ಕನ್ನು ಉಬ್ಬಿಸುತ್ತದೆ, ಎಳೆಗಳನ್ನು ಸಡಿಲ ಮಾಡುತ್ತದೆ, ಹಿಂದೆ ಬರುವ ಅಣುವಿಗೆ ದಾರಿ ಅಗಲ ಮಾಡಿ ಕೊಡುತ್ತದೆ. ನನ್ನ ರಬ್ಬರ್ ಹಾಳೆಗಳು ಟಾಲೀನ್ ಕುಡಿದು ಹಪ್ಪಳ ಕರಿದ ಹಾಗೆ ಸುರುಟಿ ಹೊರಗೆ ಬರುತ್ತಿದ್ದವು. ಉಬ್ಬಿದಾಗ ಕಲ್ಲಿನ ಅಂಚು ಬಿಟ್ಟುಕೊಂಡರೆ ಕಿಂಡಿ ತೆರೆಯಿತು. ಅದಕ್ಕೇ ಆಕ್ಸಿಜನ್ನಿನಲ್ಲಿ ಅಳೆದ ನಂಬರನ್ನು ದ್ರಾವಕಕ್ಕೆ ನಂಬಬಾರದು.

ಇಂಥ ಔಷಧಿಗೆ ಗೋಡೆಯ ಒಳಗೆ ನೈಲಾನ್ ಪದರ ಇಟ್ಟ ಕ್ಯಾನು ಬರುತ್ತದೆ. ಒಳ ಮೈಗೆ ಫ್ಲೋರಿನ್ ಹಾಯಿಸಿದ್ದೂ ಬರುತ್ತದೆ. ನೈಲಾನಿಗೆ ಜೇಡಿಮಣ್ಣು ಪಾಲಿಥೀನಿಗಿಂತ ಚೆನ್ನಾಗಿ ಒಗ್ಗುತ್ತದೆ. ಜಪಾನಿನ ಟೊಯೋಟಾದವರು 1980ರ ದಶಕದಲ್ಲೇ ಮಾಡಿ ತೋರಿಸಿದ್ದಾರೆ. ನೀವು ಸದ್ಯಕ್ಕೆ ಕ್ಯಾನನ್ನು ತಗಡಿನ ಮಾಡಿನ ಕೆಳಗಿಂದ ತೆಗೆಯಿರಿ.

ದಾಣಾ ಮಷಿನ್, ಹರಿಹರ

ಓಬವ್ವನ ಮಾತು ನಮ್ಮ ಮಷಿನ್ ಹುಡುಗರಿಗೆ ಓದಿ ಹೇಳಿದೆ. ಫಿಲ್ಲರ್ ಚೀಲದ ಮೇಲೆ ಒಬ್ಬ ಮಾರ್ಕರಿನಲ್ಲಿ "ಹೈದರಾಲಿ" ಅಂತ ಬರೆದಿದ್ದಾನೆ.

ಗ್ರಂಧಿಗೆ ಅಂಗಡಿ, ದಾವಣಗೆರೆ

ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ನಮಸ್ಕಾರ. ತಡವಾಯಿತು, ಮದುವೆ ಸೀಜನ್ ವ್ಯಾಪಾರ.

ನೀವು ಹೇಳಿದ್ದು ಎಲ್ಲಾ ಮಾಡಿದೆ. ಮಾಮೂಲಿ ಕವರಿನ ಚೂರು ತೇಲಿತು. ಕಲ್ಲಿನದು ಮೊದಲು ತೇಲಿತು, ಬೆರಳಿನಿಂದ ಗುಳ್ಳೆ ಒರೆಸಿದ ಮೇಲೆ ಮೆಲ್ಲಗೆ ಇಳಿದು ಚೊಂಬಿನ ತಳ ಸೇರಿತು. ಬೂದಿಗೆ ನಿಂಬೆ ಹಿಂಡಿದರೆ ಸೋಡಾ ತರ ಚುರುಗುಟ್ಟಿತು. ನನ್ನ ಮಗಳು ಇನ್ನೊಂದು ಸಲ ಮಾಡು ಅಂತ ಹಟ ಹಿಡಿದಳು. ಲೇತ್ ಕೆಲಸದ ಸ್ನೇಹಿತನ ಹತ್ತಿರ ಮೈಕ್ರೋಮೀಟರ್ ಇತ್ತು. ಮಾಮೂಲಿಯದು 52 ಮೈಕ್ರಾನ್, ಕಲ್ಲಿನದು 45. ಬೆಳಕಿಗೆ ಹಿಡಿದರೆ ಅಣ್ಣ ಹೇಳಿದ ನುಚ್ಚು ಕಂಡಿತು. ಎಳೆದರೆ ಬೆಳ್ಳಗಾಯಿತು. ನಾವು ಪೊಟ್ಟಣ ತುಂಬುವಾಗ ಬಾಯಿ ಎಳೆದು ಮಡಚುತ್ತೇವೆ, ಆ ಮಡಿಕೆ ಉದ್ದಕ್ಕೂ ಬಿಳಿ ಗೆರೆ. ಇಷ್ಟು ದಿನ ಅದು ಕರ್ಪೂರದ ಪುಡಿ ಅಂದುಕೊಂಡಿದ್ದೆ.

ಕವರ್ ಮಾರಿದವರಿಗೆ ಫೋನ್ ಮಾಡಿದೆ. ಜಗಳ ಆಡಲಿಲ್ಲ. "ಕಲ್ಲು ಇದೆ ಅಂತ ಹೇಳೇ ಕೊಟ್ಟಿದ್ದೆನಲ್ಲ ಅಣ್ಣಾ" ಅಂದರು. ಹೌದು, ಹೇಳಿದ್ದರು. ಉಳಿದ 14 ಕೆಜಿಯಲ್ಲಿ ಹತ್ತಿ ಬತ್ತಿ ತುಂಬುತ್ತಿದ್ದೇವೆ, ಬತ್ತಿ ಎಲ್ಲಿಗೂ ಹಾರಲ್ಲ. ಕರ್ಪೂರಕ್ಕೆ ಬೆಳ್ಳಿ ಕವರು ತಂದೆ. ಪೊಟ್ಟಣಕ್ಕೆ ಒಂದು ರೂಪಾಯಿ ಜಾಸ್ತಿ ಬೀಳುತ್ತದೆ. ಯುಗಾದಿಯ ಗಿರಾಕಿ ಬಂದಾಗ ಅವರ ಎದುರೇ ಒಂದು ತಿಂಗಳ ಹಳೇ ಪೊಟ್ಟಣ ತೂಗಿ ತೋರಿಸಿದೆ. ಏನೂ ಮಾತಾಡಲಿಲ್ಲ, ಎರಡು ತಗೊಂಡು ಹೋದರು.

ಮೆಣಸಿನದ್ದೂ ಮಾಡಿದೆ. ಎಲ್‌ಡಿ ಕವರಿನಲ್ಲಿ ಒಂದಕ್ಕೆ ನಾಲ್ಕು ಕಾಳು ಹಾಕಿ, ಒಂದಕ್ಕೆ ಹಾಕದೆ, ಅದೇ ಅಟ್ಟದ ಮೇಲೆ 15 ದಿನ. ಮೆಣಸು ಬಿಟ್ಟು ಕರ್ಪೂರವನ್ನಷ್ಟೇ ತೂಗಿದೆ. ಎರಡರಲ್ಲೂ ಇಳಿದದ್ದು ಒಂದೇ. ಅಮ್ಮನಿಗೆ ಇನ್ನೂ ಹೇಳಿಲ್ಲ.